ಶೇಡಿಗುಡ್ಡೆಯ ಶಾಲೆಗೆ ಮಕ್ಕಳು ಬಂದ ಬಗೆ

ಕುದ್ಮುಲ್ ರಂಗರಾವ್ ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನ ಕುದ್ಮುಲ್‌ನಲ್ಲಿ. ಗುಲಾಮಗಿರಿಯನ್ನು ನ್ಯಾಯಾಲಯಗಳು ಮಾನ್ಯ ಮಾಡಕೂಡದು ಎಂದು 1843ರ ಕಾಯ್ದೆ ಹೇಳಿಯಾಗಿತ್ತು. ಆದರೆ ಮನುಷ್ಯರನ್ನು ಕೊಳ್ಳುವುದು, ಮಾರುವುದು ಶಿಕ್ಷೆಗೆ ಗುರಿಯಾಗುವ ಅಪರಾಧವಾದದ್ದು ದಂಡಸಂಹಿತೆ ಜಾರಿಗೆ ಬಂದ 1862ರಲ್ಲಿ. ಆಗ ರಂಗರಾಯರು ಎರಡೂವರೆ ವರ್ಷದ ಮಗು. ತುಳುನಾಡಿನ ಬೇಸಾಯ ನಿಂತಿದ್ದೇ ಧಣಿಯ ಜಮೀನಿನ ಜೊತೆಗೆ ತಲೆತಲಾಂತರ ಬಂಧಿಸಲ್ಪಟ್ಟ ಮೂಲದಾಳುಗಳ ಬೆವರಿನ ಮೇಲೆ. ಕಾನೂನು ಬದಲಾದ ಮಾತ್ರಕ್ಕೆ ಅವರ ಗುಡಿಸಲು ಅವರದಾಗಲಿಲ್ಲ, ಅವರ ಮಕ್ಕಳ ಹಗಲು ಅವರದಾಗಲಿಲ್ಲ. ಮುಂದೆ ರಂಗರಾಯರು ಮಂಗಳೂರಿನಲ್ಲಿ ತೆರೆದ ಶಾಲೆಗೆ ಬರಬೇಕಾಗಿದ್ದವರು ಇಂಥ ಮನೆಗಳ ಮಕ್ಕಳೇ.

ಸಾರಸ್ವತ ಬ್ರಾಹ್ಮಣ ಮನೆತನದ ಈ ಹುಡುಗ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದ, ಮಾಸ್ತರಿಕೆ ಮಾಡಿದ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲನಾದ. ಬಡವರ ಪರ ನಿಲ್ಲುವ ವಕೀಲರೆಂದು ಹೆಸರೂ ಬಂತು. ಉಳ್ಳಾಲ ರಘುನಾಥಯ್ಯ ಮುಂತಾದವರು ಮಂಗಳೂರಿನಲ್ಲಿ ನೆಲೆಗೊಳಿಸಿದ್ದ ಬ್ರಹ್ಮಸಮಾಜದ ನಂಟು ಬೆಳೆಯಿತು. ಇಷ್ಟಕ್ಕೇ ನಿಂತಿದ್ದರೆ ರಂಗರಾಯರು ಆ ಕಾಲದ ಹಲವು ಸುಧಾರಕ ವಕೀಲರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು.

ಆ ದಿನಗಳ ಮಂಗಳೂರನ್ನು ಸ್ವಲ್ಪ ನೋಡಬೇಕು. ಬಾಸೆಲ್ ಮಿಷನ್ 1834ರಲ್ಲೇ ಬಂದು ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆ ಎಲ್ಲವನ್ನೂ ಕಟ್ಟಿತ್ತು. 1880ರಲ್ಲಿ ಜೆಸ್ಯುಯಿಟ್ ಪಾದ್ರಿಗಳು ಸೇಂಟ್ ಅಲೋಶಿಯಸ್ ಕಾಲೇಜು ತೆರೆದರು. 1891ರಲ್ಲಿ ಇನ್ನೊಬ್ಬ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ಕಟ್ಟಿದರು. ಹದಿನೈದು ವರ್ಷಗಳಾದ ಮೇಲೆ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದವರೂ ಅವರೇ. ಅಂದರೆ ವಿದ್ಯೆಯ ಮಟ್ಟಿಗೆ ಮಂಗಳೂರು ಹಿಂದುಳಿದ ಊರೇನಲ್ಲ. ಊರ ತುಂಬ ಶಾಲೆಗಳಿದ್ದರೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಆ ಬೆಂಚುಗಳ ಮೇಲೆ ಜಾಗವಿರಲಿಲ್ಲ.

ಬೆಂದೂರಿನ ಬಾಬು ಎಂಬ ದಲಿತ ಯುವಕನ ಕಥೆಯನ್ನು ಮಂಗಳೂರಿನಲ್ಲಿ ಈಗಲೂ ಹೇಳುತ್ತಾರೆ. ನಾಲ್ಕಕ್ಷರ ಕಲಿತ ಅವನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು, ಜೊತೆಗಿದ್ದವರಿಗೆ ಅದು ಸಹನೆಯಾಗಲಿಲ್ಲ. ಅದೇ ಕೋರ್ಟಿನ ಜಗಲಿಯಲ್ಲಿ ದಿನವೂ ಓಡಾಡುತ್ತಿದ್ದ ರಂಗರಾಯರ ಮನಸ್ಸನ್ನು ಆ ಪ್ರಸಂಗ ಕಲಕಿತು ಎನ್ನುತ್ತಾರೆ. ಬಾಬುವಿನಂಥವರು ಒಬ್ಬಿಬ್ಬರಾದರೆ ಹೊಸಕಿ ಹಾಕಬಹುದು, ನೂರಾರು ಮಂದಿಯಾದರೆ ಆಗದು. ಆ ನೂರಾರು ಮಂದಿಯನ್ನು ಸಿದ್ಧಪಡಿಸಲು ಶಾಲೆ ಬೇಕಿತ್ತು.

1892ರಲ್ಲಿ ಉರ್ವ ಚಿಲಿಂಬಿಯ ಒಂದು ಬಾಡಿಗೆ ಮನೆಯಲ್ಲಿ ಮೊದಲ ಶಾಲೆ ಶುರುವಾಯಿತು. ಸುತ್ತಲಿನವರ ವಿರೋಧಕ್ಕೆ ಅಲ್ಲಿ ನೆಲೆ ನಿಲ್ಲಲಾಗಲಿಲ್ಲ. ಶಾಲೆ ಜಾಗ ಬದಲಿಸಿತು. ಮೇಲ್ಜಾತಿಯ ಮಾಸ್ತರರು ಕಲಿಸಲು ಬರಲಿಲ್ಲ, ಬಂದವರು ಕ್ರೈಸ್ತ ಶಿಕ್ಷಕರು. ಸ್ವಜಾತಿಯವರು ರಂಗರಾಯರನ್ನು ಹೊರಗಿಟ್ಟರು. ಹೊರಗಿಡುವುದು ಎಂದರೆ ಆ ಕಾಲಕ್ಕೆ ಮದುವೆ ಮುಂಜಿಗೆ ಕರೆಯದಿರುವುದಷ್ಟೇ ಆಗಿರಲಿಲ್ಲ. ಅಗಸರು, ಕ್ಷೌರಿಕರು ಮನೆಗೆ ಬರುವುದು ನಿಲ್ಲುತ್ತಿತ್ತು. ಮನೆಯ ಹೆಂಗಸರು, ಮಕ್ಕಳು ಅಕ್ಕಪಕ್ಕದವರ ಮಾತಿಲ್ಲದೆ ಬದುಕಬೇಕಾಗುತ್ತಿತ್ತು. ಈ ಶಿಕ್ಷೆಯ ಹೆಚ್ಚು ಪಾಲು ಬಿದ್ದದ್ದು ಅಡುಗೆಮನೆಯೊಳಗಿದ್ದವರ ಮೇಲೆ. ಅವರ ಹೆಸರು ಸ್ಮಾರಕಗಳಲ್ಲಿ ಇಲ್ಲ. ಅವರ ತಾಳ್ಮೆಯಿಲ್ಲದೆ ಈ ಕೆಲಸ ಒಂದು ಮಳೆಗಾಲವನ್ನೂ ದಾಟುತ್ತಿರಲಿಲ್ಲವೆಂದು ನನಗೆ ಅನಿಸುತ್ತದೆ.

ಬಹಿಷ್ಕಾರವನ್ನು ಎದುರಿಸಿ ನಿಂತವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ರಂಗರಾಯರ ದೊಡ್ಡತನವನ್ನು ನಾನು ಕಾಣುವುದು ಬೇರೆ ಕಡೆ. ಶಾಲೆ ತೆರೆದಾಯಿತು, ಮಾಸ್ತರು ಬಂದಾಯಿತು, ಆದರೂ ಮಕ್ಕಳು ಬರಲಿಲ್ಲ. ಅಲ್ಲಿಗೆ ಕೈಚೆಲ್ಲಿ, ನಾವು ಮಾಡುವಷ್ಟು ಮಾಡಿದೆವು, ಅವರಿಗೇ ಓದು ಬೇಡ ಎನ್ನುವುದು ಸುಲಭವಿತ್ತು. ಇವತ್ತಿಗೂ ಎಷ್ಟೋ ಸೇವಾಸಂಸ್ಥೆಗಳ ವರದಿಗಳು ಈ ಮಾತನ್ನು ಸಭ್ಯ ಭಾಷೆಯಲ್ಲಿ ಹೇಳುತ್ತವೆ. ರಂಗರಾಯರು ಮಗು ಯಾಕೆ ಬರಲಿಲ್ಲ ಎಂದು ಕೇಳಿದರು. ಉತ್ತರ ಸಿಕ್ಕಿದಾಗಲೆಲ್ಲ ಸಂಸ್ಥೆಯ ಕೆಲಸಕ್ಕೆ ಇನ್ನೊಂದನ್ನು ಸೇರಿಸಿದರು.

ದನ ಕಾಯುವ, ಸೊಪ್ಪು ತರುವ ಹುಡುಗ ಶಾಲೆಯಲ್ಲಿ ಕೂತರೆ ಮನೆಗೆ ಬರುವ ಅಷ್ಟಿಷ್ಟು ನಿಲ್ಲುತ್ತದೆ. ಹಾಗಾಗಿ ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರೆಂದು ಊರವರು ಹೇಳುತ್ತ ಬಂದಿದ್ದಾರೆ. ಕರಾವಳಿಯ ಆಟಿ ತಿಂಗಳನ್ನು ಬಲ್ಲವರಿಗೆ ಆ ಎರಡು ಪೈಸೆಯ ತೂಕ ತಿಳಿಯುತ್ತದೆ. ಸುರಿಯುವ ಮಳೆ, ಕೆಲಸವಿಲ್ಲದ ದಿನಗಳು, ಕೆಸು ತಜಂಕ್ ಸೊಪ್ಪು ಬೇಯಿಸಿ ಹೊಟ್ಟೆ ತುಂಬಿಸಿಕೊಳ್ಳುವ ಮನೆಗಳು. ಹಸಿದ ಮಗುವಿಗೆ ಕಾಗುಣಿತ ಹತ್ತುವುದಿಲ್ಲ, ಅದಕ್ಕೆ ಮಧ್ಯಾಹ್ನದ ಊಟ ಬಂತು. ಮದ್ರಾಸ್ ನಗರಸಭೆ ತನ್ನ ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನ ತಿನ್ನಲು ಕೊಡಲಾರಂಭಿಸಿದ್ದು 1920ರಲ್ಲಿ. ನಮ್ಮ ರಾಜ್ಯದ ಅಕ್ಷರ ದಾಸೋಹಕ್ಕೆ ಇನ್ನೂ ಎಂಬತ್ತು ವರ್ಷ ಬೇಕಾಯಿತು. ಊಟ, ಬಟ್ಟೆ, ಪುಸ್ತಕ, ಎಲ್ಲಕ್ಕೂ ದುಡ್ಡು ಬೇಕು. ವಕೀಲಿಯ ಸಂಪಾದನೆ ಸಾಲದಾದಾಗ ದೇಣಿಗೆ ಎತ್ತಿದರು.

1897ರಲ್ಲಿ ಈ ಕೆಲಸಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಹೆಸರು, ಸಂಸ್ಥೆಯ ರೂಪ ಬಂತು. ಮಂಗಳೂರಿನವರ ಬಾಯಲ್ಲಿ ಅದು ಡಿ.ಸಿ.ಎಂ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಅದೇ ಹೆಸರಿನ ಸಂಸ್ಥೆಯನ್ನು ಕಟ್ಟಿದ್ದು 1906ರಲ್ಲಿ. ಶಿಂದೆಯವರ ಕೆಲಸ ದೊಡ್ಡದು, ದೇಶದ ಹಲವೆಡೆ ಹಬ್ಬಿದ್ದು. ಆದರೂ ಆ ದಿಕ್ಕಿನಲ್ಲಿ ಕರಾವಳಿಯ ಒಬ್ಬ ಪ್ಲೀಡರು ಒಂಬತ್ತು ವರ್ಷ ಮೊದಲೇ ನಡೆದಿದ್ದರೆಂಬುದನ್ನು ಕನ್ನಡಿಗರು ಗಟ್ಟಿಯಾಗಿ ಹೇಳಿಕೊಳ್ಳಬೇಕು.

ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಮಿಷನ್‌ಗೆ ಸ್ವಂತ ನೆಲ ಸಿಕ್ಕಿದ ಮೇಲೆ ಅಲೆದಾಟ ನಿಂತಿತು. ಅಲ್ಲಿ ಶಾಲೆಯ ಜೊತೆಗೆ ಕೈಮಗ್ಗ ಬಂತು, ಮರಗೆಲಸ ಬಂತು. ದೂರದ ಮಕ್ಕಳು ಉಳಿಯಲು ವಸತಿ ಬಂತು. ಮೂಲ್ಕಿ, ಉಡುಪಿ ಕಡೆಗೂ ಶಾಲೆಗಳು ಹಬ್ಬಿದವು. ಮಗ್ಗವನ್ನೇ ಯಾಕೆ ಆರಿಸಿಕೊಂಡರು ಎಂಬುದನ್ನು ಸ್ವಲ್ಪ ಯೋಚಿಸಬೇಕು. ನಾಲ್ಕನೇ ಇಯತ್ತೆ ಓದಿದ ದಲಿತ ಯುವಕ ಮತ್ತೆ ಧಣಿಯ ಗದ್ದೆಗೇ ಹೋಗಬೇಕಾದರೆ ಓದಿನ ಉಪಯೋಗವೇನು? ಬಾಸೆಲ್ ಮಿಷನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಮಂಗಳೂರಿನವರ ಕಣ್ಣೆದುರಿಗೇ ಇದ್ದವು. ಜಾತಿ ಬಿಟ್ಟು ಬಂದವರಿಗೆ ಬೇರೆ ಕಸುಬು ಸಿಕ್ಕಿದರೆ ಬದುಕಬಹುದೆಂದು ಅವು ತೋರಿಸಿಕೊಟ್ಟಿದ್ದವು. ಮತ ಬದಲಿಸದೆಯೇ ಕಸುಬು ಬದಲಿಸಲು ದಾರಿ ತೆರೆದದ್ದು ರಂಗರಾಯರ ಮಗ್ಗ.

ಇನ್ನೊಂದು ತೊಡಕು ಇವೆಲ್ಲಕ್ಕಿಂತ ಆಳದಲ್ಲಿತ್ತು. ಗುಡಿಸಲು ನಿಂತ ನೆಲ ಧಣಿಯದು. ಮಗುವನ್ನು ಶಾಲೆಗೆ ಕಳಿಸಿದ್ದಕ್ಕೆ ಧಣಿ ಮುನಿದರೆ ಒಂದು ಮಾತಿಗೆ ಮುಳಿಹುಲ್ಲಿನ ಮಾಡು ಕಿತ್ತು ಹೊರಡಬೇಕು. ಮನೆ ನಿಲ್ಲುವ ಖಾತ್ರಿ ಇಲ್ಲದವರಿಗೆ ಹಾಜರಿ ಪುಸ್ತಕದಿಂದ ಏನೂ ಆಗದು. ಇದನ್ನು ಕಂಡವರು ರಂಗರಾಯರೊಬ್ಬರೇ ಅಲ್ಲ. ಅತ್ತ ಚೆಂಗಲ್ಪಟ್ಟು ಜಿಲ್ಲೆಯ ಕಲೆಕ್ಟರ್ ಟ್ರೆಮನ್‌ಹೀರ್ ಅಲ್ಲಿನ ಪರಯರಿಗೆ ಭೂಮಿ ಕೊಡಬೇಕೆಂದು ವಾದಿಸಿ ಬರೆದ ವರದಿ ಮದ್ರಾಸ್ ಸರ್ಕಾರದ ಮುಂದೆ ಬಂದದ್ದು ಆಗಲೇ. 1893ರಲ್ಲಿ ಅದೇ ಸರ್ಕಾರ ಪಂಚಮರೆಂದು ಕರೆಯಲಾಗುತ್ತಿದ್ದ ಅಸ್ಪೃಶ್ಯರ ಶಿಕ್ಷಣಕ್ಕೆ ನೆರವು ನೀಡುವ ಆದೇಶ ಹೊರಡಿಸಿತು. ಆದೇಶಗಳು ಮದ್ರಾಸಿನಲ್ಲಿ ಅಚ್ಚಾಗುತ್ತವೆ, ಜಾಗದ ಕಾಗದ ಕೈಗೆ ಬರಬೇಕಾದರೆ ಮಂಗಳೂರಿನ ಕಚೇರಿಗಳಲ್ಲಿ ಬಾಗಿಲು ಬಾಗಿಲಿಗೆ ಅಲೆಯುವವನೊಬ್ಬ ಬೇಕು. ಕಡತಗಳ ಭಾಷೆ ಬಲ್ಲ ವಕೀಲ ಇಲ್ಲಿ ಉಪಯೋಗಕ್ಕೆ ಬಂದರು. ಕರಾವಳಿಯ ಆದಿವಾಸಿಗಳಾದ ಕೊರಗರಿಗೂ ದಲಿತ ಕುಟುಂಬಗಳಿಗೂ ಮನೆ ನಿವೇಶನ ದೊರಕಿಸಿಕೊಟ್ಟು ಅವರನ್ನು ಧಣಿಗಳ ಹಂಗಿನಿಂದ ಬಿಡಿಸಲು ಅವರು ವರ್ಷಗಟ್ಟಲೆ ಓಡಾಡಿದರು. ಜೀವನಚರಿತ್ರೆಗಳಲ್ಲಿ ಈ ಓಡಾಟಕ್ಕೆ ಸಿಗುವುದು ಒಂದೆರಡು ಸಾಲು ಮಾತ್ರ. ಸಂಸ್ಥೆ ಕಟ್ಟಿದವರನ್ನು ಕೇಳಿದರೆ ಆಯುಷ್ಯದ ದೊಡ್ಡ ಪಾಲು ಕಳೆದದ್ದು ಇಂಥ ಓಡಾಟದಲ್ಲೇ ಎನ್ನುತ್ತಾರೆ.

ಈಗಿನ ಕಾಲಕ್ಕೂ ಇದು ಹೊಂದುತ್ತದೆ. ಹಾಸ್ಟೆಲಿನಲ್ಲಿ ಸೀಟು ಸಿಕ್ಕಿಯೂ ಪಿಯುಸಿಯ ನಡುವೆ ಮನೆಗೆ ಮರಳುವ ಹುಡುಗರಿದ್ದಾರೆ. ಜಾತಿ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಹಾಗಾಗಿ ವಿದ್ಯಾರ್ಥಿವೇತನ ಖಾತೆಗೆ ಬಂದಿರುವುದಿಲ್ಲ. ಅಪ್ಪ ಕಾಯಿಲೆ ಬಿದ್ದ ತಿಂಗಳು ಕೇಟರಿಂಗ್ ಕೆಲಸಕ್ಕೆ ಹೋದ ಹುಡುಗ ತರಗತಿಗೆ ಮರಳಲು ನಾಚುತ್ತಾನೆ. ಇಂಥವರ ನೆರವಿಗೆ ನಿಂತ ಸಣ್ಣ ಸಂಘಗಳಲ್ಲಿ ಬಾಳುವವು ಯಾವುವು ಎಂದು ಗಮನಿಸಿದರೆ, ತಹಶೀಲ್ದಾರರ ಕಚೇರಿಯಲ್ಲಿ ಸರದಿ ನಿಲ್ಲಲು ಬೇಸರಿಸದ ಒಬ್ಬಿಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಉದ್ಘಾಟನೆಯ ದಿನ ವೇದಿಕೆಯಲ್ಲಿ ಕೂತವರು ಮೂರನೆಯ ವರ್ಷಕ್ಕೆ ಕಾಣುವುದಿಲ್ಲ. ಸರದಿ ನಿಂತವರು ಹತ್ತನೆಯ ವರ್ಷಕ್ಕೂ ಅಲ್ಲೇ ಇರುತ್ತಾರೆ.

ಮೇಲಿನವರು ಕೆಳಗಿನವರಿಗೆ ಕೈಚಾಚಿದ ಕಥೆ ಇದು ಎಂಬ ಟೀಕೆಗೂ ಉತ್ತರ ಹೇಳಬೇಕು. ಸುಧಾರಕರ ಕರುಣೆಯ ಬಗ್ಗೆ ದಲಿತ ಚಿಂತಕರು ಎತ್ತಿದ ಪ್ರಶ್ನೆಗಳು ನ್ಯಾಯವಾದವು. ರಂಗರಾಯರನ್ನೂ ಅವುಗಳಿಂದ ಹೊರತಾಗಿಡಬೇಕಿಲ್ಲ. ಆದರೆ ಅವರು ಊಟ ಬಟ್ಟೆಗಳಲ್ಲಿ ನಿಲ್ಲಲಿಲ್ಲ. ದಲಿತರೇ ಆಡಳಿತದಲ್ಲಿ ಕೂರಬೇಕೆಂದು ಒತ್ತಾಯಿಸಿದರು. ಅಂಗಾರ ಮಾಸ್ತರು, ಗೋವಿಂದ ಮಾಸ್ತರು ಸ್ಥಳೀಯ ಆಡಳಿತದ ಸಭೆಗಳಿಗೆ ನಾಮಕರಣಗೊಂಡದ್ದರ ಹಿಂದೆ ಈ ಒತ್ತಾಯವಿತ್ತು. ರಂಗರಾಯರ ಸಮಾಧಿಯ ಮೇಲೆ ಬರೆದಿರುವ ಆಸೆಯನ್ನು ಮಂಗಳೂರಿನಲ್ಲಿ ಬಹಳ ಮಂದಿ ಬಲ್ಲರು: ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ಸರ್ಕಾರಿ ಹುದ್ದೆಗೇರಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು. ಕೃತಜ್ಞತೆ ಬಯಸುವವನ ಆಸೆ ಹೀಗಿರುವುದಿಲ್ಲ. ನಿಲ್ಲಿಸಿ ನಮಸ್ಕರಿಸಿ ಹೋಗಲಿ ಎಂದು ಅವರು ಕೇಳಲಿಲ್ಲ. ಕಾರು ನಿಲ್ಲದೆ ಮುಂದಕ್ಕೆ ಹೋಗುವುದನ್ನೇ ಬಯಸಿದರು.

ಜಾತಿಯ ಗೋಡೆಯನ್ನು ಮನೆಯೊಳಗೂ ಕೆಡವಿದರು. ಮಗಳು ರಾಧಾಬಾಯಿ 1912ರಲ್ಲಿ ತಮಿಳುನಾಡಿನ ಕುಮಾರಮಂಗಲದ ಜಮೀನುದಾರ ಪಿ. ಸುಬ್ಬರಾಯನ್ ಅವರನ್ನು ಅಂತರ್ಜಾತಿ ವಿವಾಹವಾದರು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಹೋದರು. ಅದೇ ಪರಿಷತ್ತಿನಲ್ಲಿ ದಮನಿತ ವರ್ಗಗಳ ಪರವಾಗಿ ಕೂತಿದ್ದವರು ಡಾ. ಅಂಬೇಡ್ಕರ್ ಮತ್ತು ರೆಟ್ಟಮಲೈ ಶ್ರೀನಿವಾಸನ್. ಶೇಡಿಗುಡ್ಡೆಯ ಅಪ್ಪನಿಗೆ ಅದನ್ನು ನೋಡುವ ಭಾಗ್ಯ ಇರಲಿಲ್ಲ.

ಕೊನೆಯ ವರ್ಷಗಳಲ್ಲಿ ರಂಗರಾಯರು ಮಿಷನ್ನನ್ನು ಗೋಖಲೆಯವರು ಸ್ಥಾಪಿಸಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. ತಾನೇ ನೆಟ್ಟ ತೆಂಗನ್ನು ಇನ್ನೊಬ್ಬರ ಕೈಗೆ ಕೊಡುವುದು ಸುಲಭವಲ್ಲ. ಕಟ್ಟಿದವನೊಂದಿಗೇ ಮುಗಿದುಹೋದ ಸಂಸ್ಥೆಗಳು ನಮ್ಮ ಪ್ರತಿ ತಾಲ್ಲೂಕಿನಲ್ಲಿವೆ. ಬೋರ್ಡು ಮಾತ್ರ ಉಳಿದಿರುತ್ತದೆ. ಹಟ ಹಿಡಿದು ಕಟ್ಟುವುದರಷ್ಟೇ ಮುಖ್ಯವಾದದ್ದು ಸಕಾಲದಲ್ಲಿ ಬಿಟ್ಟುಕೊಡುವುದು ಎಂಬುದಕ್ಕೆ ಈ ಹಸ್ತಾಂತರಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಸಂನ್ಯಾಸ ಸ್ವೀಕರಿಸಿ ಈಶ್ವರಾನಂದ ಎಂಬ ಹೆಸರು ಪಡೆದ ಅವರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಹೆಣಕ್ಕೆ ಹೆಗಲು ಕೊಡಬೇಕಾದವರು ದಲಿತರೇ ಎಂದು ಮೊದಲೇ ಹೇಳಿಟ್ಟಿದ್ದರು. ಆರು ವರ್ಷದ ನಂತರ, 1934ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಮಿಷನ್ ನಡೆಯುತ್ತಲೇ ಇತ್ತು. ಈಗ ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ.

ಕೆಲಸ ಮುಗಿದಿದೆಯೇ? ಕೊರಗರನ್ನು ಕೇಳಬೇಕು. ಕೂದಲು, ಉಗುರು ಬೆರೆಸಿದ ಎಂಜಲನ್ನು ಅವರಿಗೆ ತಿನ್ನಿಸುವ ಅಜಲು ಎಂಬ ಅನಿಷ್ಟವನ್ನು ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ರಂಗರಾಯರ ಮೊದಲ ಶಾಲೆ ತೆರೆದು ಅಷ್ಟರಲ್ಲಿ ನೂರ ಎಂಟು ವರ್ಷವಾಗಿತ್ತು. ಅದಕ್ಕೆ ಮೊದಲೇ, 1993ರ ಆಗಸ್ಟ್ 18ರಂದು, ಕೊರಗರು ಮಂಗಳೂರಿನ ಬೀದಿಗಳಲ್ಲಿ ಮೆರವಣಿಗೆ ಹೊರಟು ಭೂಮಿ ಕೇಳಿದರು. ಅವರ ಸ್ಥಿತಿಗತಿ ಅಧ್ಯಯನ ಮಾಡಿದ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದು ಶಿಫಾರಸು ಮಾಡಿತು. ಆಗಸ್ಟ್ 18ನ್ನು ಅವರು ಭೂಮಿ ಹಬ್ಬವಾಗಿ ಆಚರಿಸುತ್ತ ಬಂದಿದ್ದಾರೆ. ಕರ್ನಾಟಕ ಮತ್ತು ಕೇರಳದ ಕೊರಗರು ತಾವೇ ಕಟ್ಟಿಕೊಂಡ ಅಭಿವೃದ್ಧಿ ಸಂಘಗಳ ಒಕ್ಕೂಟ ಈ ಕೆಲಸವನ್ನು ಹೊತ್ತಿದೆ. ಆ ಸಮುದಾಯದಲ್ಲಿ ಈಗ ಪದವೀಧರ ಯುವಕ ಯುವತಿಯರಿದ್ದಾರೆ. ಎಲ್ಲ ಕುಟುಂಬಗಳಿಗೆ ಎರಡೂವರೆ ಎಕರೆ ಇನ್ನೂ ಸಿಕ್ಕಿಲ್ಲ. ಅದರ ಜೊತೆಗೆ ಈಗ ಅವರು ಕೇಳುತ್ತಿರುವುದು ಓದಿದವರಿಗೆ ಸರ್ಕಾರಿ ಕೆಲಸದಲ್ಲಿ ನೇರ ನೇಮಕಾತಿ.