ಊರಿಗೆ ಬಂದು ಹೋಗುವ ಮುನ್ನ: ಅಮೆರಿಕದ ಆಸ್ಪತ್ರೆಗಳಲ್ಲಿರುವ ನಮ್ಮ ಯುವ ವೈದ್ಯರ ವೀಸಾ ವಿಚಾರ

"ಕೆಲಸ ಇದೆ, ಸಂಬಳ ಇದೆ, ರಜೆಯೂ ಇದೆಯಂತೆ. ಮತ್ತೆ ಊರಿಗೆ ಬಂದು ಹೋಗಲು ಏನು ಅಡ್ಡಿ?" ಮಗನೋ ಮಗಳೋ ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದ ಆಸ್ಪತ್ರೆ ಸೇರಿರುವ ಮನೆಗಳಲ್ಲಿ ಹಿರಿಯರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಮಂಗಳೂರು, ಉಡುಪಿಯ ಮನೆಗಳಲ್ಲಿ ವಿದೇಶದ ಕಾಗದಪತ್ರ ಬಲ್ಲವರು ಒಬ್ಬರಾದರೂ ಇರುತ್ತಾರೆ. ಘಟ್ಟದ ಮೇಲಿನ ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಈ ವಿಷಯ ವಿವರಿಸುವವರು ಕಡಿಮೆ. ಮಕ್ಕಳು ಫೋನಿನಲ್ಲಿ ಹೇಳುವ ನಾಲ್ಕು ಮಾತಿನಲ್ಲಿ ಇದು ಅರ್ಥವಾಗುವಂಥದ್ದೂ ಅಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಅಮೆರಿಕದ ಮೆಡಿಕಲ್ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಲ್ಲಿ ವೈದ್ಯರು ಪಡೆಯುವ ತರಬೇತಿಗೆ ರೆಸಿಡೆನ್ಸಿ ಎನ್ನುತ್ತಾರೆ. ನಮ್ಮ ವೈದ್ಯರು ಅದಕ್ಕೆ ಸೇರಬೇಕಾದರೆ ಯುಎಸ್‌ಎಂಎಲ್‌ಇ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಇಸಿಎಫ್‌ಎಂಜಿ ಎಂಬ ಸಂಸ್ಥೆಯ ಪ್ರಮಾಣಪತ್ರ ಪಡೆಯಬೇಕು. ಹೀಗೆ ಹೋಗುವವರಲ್ಲಿ ಹೆಚ್ಚಿನವರು ಜೆ-1 ವೀಸಾದಲ್ಲಿ ಹೋಗುತ್ತಾರೆ. ಇದು ಉದ್ಯೋಗದ ವೀಸಾ ಅಲ್ಲ, ವಿನಿಮಯ ತರಬೇತಿಯ ವೀಸಾ. ಸಂಬಳ ಬರುತ್ತದೆ, ರಾತ್ರಿಪಾಳಿಯೂ ಇರುತ್ತದೆ, ಆದರೆ ಕಾನೂನಿನ ಕಣ್ಣಿನಲ್ಲಿ ಅವರು ಕಲಿಯಲು ಬಂದವರು. ಮುಂದಿನ ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಯಾರಿಗೆ ಯಾವ ಆಸ್ಪತ್ರೆ ಎಂಬ ಫಲಿತಾಂಶ ಮಾರ್ಚ್ ತಿಂಗಳ ಮಧ್ಯದಲ್ಲಿ ಬರುತ್ತದೆ. ಕೆಲಸ ಸಾಮಾನ್ಯವಾಗಿ ಜುಲೈ 1ಕ್ಕೆ ಆರಂಭ. ನಡುವಿನ ಮೂರೂವರೆ ತಿಂಗಳಲ್ಲಿ ಆಸ್ಪತ್ರೆಯ ಕರಾರುಪತ್ರ ಬರಬೇಕು. ದೆಹಲಿಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದಿಂದ "ಈ ತಜ್ಞತೆಯ ವೈದ್ಯರು ನಮ್ಮ ದೇಶಕ್ಕೆ ಬೇಕಾಗಿದ್ದಾರೆ, ತರಬೇತಿ ಮುಗಿಸಿ ಹಿಂದಿರುಗುವುದಾಗಿ ಇವರು ಬರೆದುಕೊಟ್ಟಿದ್ದಾರೆ" ಎಂಬರ್ಥದ ಪತ್ರ ಬರಬೇಕು. ಇವೆರಡೂ ತಲುಪಿದ ಮೇಲಷ್ಟೇ ಇಸಿಎಫ್‌ಎಂಜಿ ಡಿಎಸ್-2019 ಎಂಬ ಫಾರಂ ಕೊಡುತ್ತದೆ, ಅದು ಕೈಗೆ ಬಂದರೆ ವೀಸಾ ಸಂದರ್ಶನ. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸವನ್ನು 2025ರ ಜನವರಿಯಲ್ಲಿ ಉದ್ಘಾಟಿಸಿದಾಗ ಅಲ್ಲಿ ವೀಸಾ ಕೆಲಸ ಆರಂಭವಾಗಿರಲಿಲ್ಲ. ನಮ್ಮ ಕಡೆಯವರು ಚೆನ್ನೈಗೋ ಹೈದರಾಬಾದಿಗೋ ಹೋಗಿ ಬಂದವರೇ. 2025ರ ಮೇ 27ರಂದು ಹೊಸ ಸಂದರ್ಶನದ ದಿನಗಳನ್ನು ಕೊಡುವುದನ್ನು ನಿಲ್ಲಿಸಿ ಸುಮಾರು ಮೂರು ವಾರಗಳ ನಂತರ ಮತ್ತೆ ಆರಂಭಿಸಿದರು. ಜುಲೈ 1 ಹತ್ತಿರ ಬರುತ್ತಿದ್ದ ಆ ದಿನಗಳು ಆಯ್ಕೆಯಾಗಿದ್ದ ವೈದ್ಯರ ಮನೆಗಳಲ್ಲಿ ಹೇಗೆ ಕಳೆದಿರಬೇಕು ಎಂಬುದನ್ನು ಓದುಗರೇ ಊಹಿಸಬಹುದು.

ಈಗ ವಿಸ್ತರಣೆಯ ಮಾತು. "ವೀಸಾ ರಿನ್ಯೂ ಆಯಿತು" ಎಂದು ಮಕ್ಕಳು ಹೇಳಿದಾಗ ಅದು ಎರಡರಲ್ಲಿ ಯಾವುದು ಎಂದು ಕೇಳಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಆ ದೇಶದ ಬಾಗಿಲಲ್ಲಿ ನಿಂತು ಒಳಗೆ ಬರಲು ಅನುಮತಿ ಕೇಳುವ ಚೀಟಿ ಮಾತ್ರ. ಒಳಗೆ ಇರಲು, ಕೆಲಸ ಮಾಡಲು ಆಧಾರವಾಗಿರುವುದು ಡಿಎಸ್-2019. ಇದರ ಅವಧಿ ಒಂದೊಂದು ವರ್ಷ. ಪ್ರತಿವರ್ಷ ಹೊಸ ಕರಾರಿನೊಂದಿಗೆ ಆಸ್ಪತ್ರೆಯ ಸಂಪರ್ಕಾಧಿಕಾರಿಯ ಮೂಲಕ ಮತ್ತೆ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಒಟ್ಟು ಏಳು ವರ್ಷದವರೆಗೆ ಹೀಗೆ ಮುಂದುವರಿಸಬಹುದು. ರೆಸಿಡೆನ್ಸಿ ಮುಗಿಸಿ ಹೃದ್ರೋಗ, ಮೂತ್ರಪಿಂಡ ಮುಂತಾದ ಉಪವಿಭಾಗಕ್ಕೆ ಹೋಗುವವರು ದೆಹಲಿಯ ಪತ್ರವನ್ನು ಹೊಸದಾಗಿ ತರಿಸಬೇಕು. ಇದನ್ನು ಕೊನೆಯ ತಿಂಗಳಿಗೆ ಬಿಟ್ಟು ಪೇಚಿಗೆ ಸಿಲುಕುವುದುಂಟು.

ಪಾಸ್‌ಪೋರ್ಟಿನ ವೀಸಾ ಮುಗಿದಿದ್ದರೂ ಡಿಎಸ್-2019 ಚಾಲ್ತಿಯಲ್ಲಿದ್ದರೆ ಅಲ್ಲಿ ಇರುವುದಕ್ಕೂ ಕೆಲಸಕ್ಕೂ ತೊಂದರೆಯಿಲ್ಲ. ಆದರೆ ಅಂಥವರು ಒಮ್ಮೆ ಭಾರತಕ್ಕೆ ಬಂದರೆ, ಹೊಸ ವೀಸಾ ಇಲ್ಲದೆ ಮರಳಿ ವಿಮಾನ ಹತ್ತುವಂತಿಲ್ಲ! ಅಜ್ಜಂಪುರದ ಒಬ್ಬ ತಾಯಿ, "ತಂಗಿಯ ರೋಸಿಗಾದರೂ ಬಂದು ಹೋಗು ಮಗಾ" ಎಂದು ಕರೆದಳು ಎಂದಿಟ್ಟುಕೊಳ್ಳಿ. ಅವನಿಗೆ ಸಿಕ್ಕಿರುವುದು ಎರಡು ವಾರದ ರಜೆ. ಅಷ್ಟರೊಳಗೆ ಸಂದರ್ಶನಕ್ಕೆ ದಿನ ಸಿಗಬೇಕು, ಪಾಸ್‌ಪೋರ್ಟ್ ಕೈಗೆ ಬರಬೇಕು. ಅಧಿಕಾರಿ 221(ಜಿ) ಎಂಬ ಚೀಟಿ ಕೊಟ್ಟು "ಪರಿಶೀಲನೆಯಲ್ಲಿದೆ" ಎಂದರೆ ಎಷ್ಟು ದಿನವಾದೀತೆಂದು ಯಾರೂ ಹೇಳಲಾರರು. ಅತ್ತ ಆಸ್ಪತ್ರೆಯಲ್ಲಿ ಅವನ ಪಾಳಿಯನ್ನು ಬೇರೆಯವರು ಮಾಡುತ್ತಿರುತ್ತಾರೆ.

ಇತ್ತೀಚೆಗೆ ಇದು ಇನ್ನೂ ಬಿಗಿಯಾಗಿದೆ. 2025ರ ಸೆಪ್ಟೆಂಬರ್ 2ರಿಂದ ಸಂದರ್ಶನವಿಲ್ಲದೆ ವೀಸಾ ನವೀಕರಿಸುವ ಸೌಲಭ್ಯ ಬಹುತೇಕ ನಿಂತುಹೋಯಿತು. ಅದೇ ತಿಂಗಳು, ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲಿಯೇ ಅರ್ಜಿ ಹಾಕಬೇಕೆಂಬ ಸೂಚನೆ ಬಂತು. ಕೆನಡಾಕ್ಕೋ ಮೆಕ್ಸಿಕೋಗೋ ಹೋಗಿ ವೀಸಾ ಹಾಕಿಸಿಕೊಂಡು ಬರುವ ಹಳೆಯ ದಾರಿ ಅಲ್ಲಿಗೆ ಮುಚ್ಚಿತು. ಡಿಸೆಂಬರ್‌ನಲ್ಲಿ ಎಚ್-1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣಗಳನ್ನೂ ಪರಿಶೀಲಿಸುವ ನಿಯಮ ಬಂದು, ಭಾರತದಲ್ಲಿ ಗೊತ್ತಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಕ್ರಿಸ್ಮಸ್ಸಿಗೂ ಮದುವೆಗೂ ಊರಿಗೆ ಬರುವ ತಿಂಗಳು ಅದೇ. ಮಗ ಬರಲಿಲ್ಲವೆಂದು ಬೇಸರಿಸುವ ಮೊದಲು ಅವನ ಪಾಸ್‌ಪೋರ್ಟಿನ ಆ ಒಂದು ಪುಟದ ತಾರೀಕು ಕೇಳುವುದು ಒಳ್ಳೆಯದು.

ಇನ್ನು, ಹಿಂದಿರುಗುವ ಭರವಸೆ. ಜೆ-1ರಲ್ಲಿ ತರಬೇತಿ ಪಡೆದ ವೈದ್ಯರು ಒಟ್ಟು ಎರಡು ವರ್ಷ ಸ್ವದೇಶದಲ್ಲಿ ಕಳೆಯದೆ ಅಲ್ಲಿ ಎಚ್-1ಬಿ ಆಗಲಿ, ಗ್ರೀನ್ ಕಾರ್ಡ್ ಆಗಲಿ ಪಡೆಯುವಂತಿಲ್ಲ. "ಭಾರತ ಸರ್ಕಾರದ ಆಕ್ಷೇಪವಿಲ್ಲ ಎಂಬ ಪತ್ರ ತಂದರೆ ಸಾಕು" ಎಂದು ಹೇಳುವ ಏಜೆಂಟರಿದ್ದಾರೆ. ಬೇರೆ ಕೆಲವು ಜೆ-1ರವರಿಗೆ ಆ ಮಾತು ಸರಿ. ರೋಗಿಗಳನ್ನು ನೋಡುತ್ತಾ ತರಬೇತಿ ಪಡೆದ ವೈದ್ಯರಿಗೆ ಆ ಪತ್ರದಿಂದ ವಿನಾಯಿತಿ ಸಿಗುವುದಿಲ್ಲ, ಹಣ ಕಳೆದುಕೊಳ್ಳಬೇಡಿ.

ಅವರಲ್ಲಿ ಅನೇಕರು ಹಿಡಿಯುವ ದಾರಿ ಕಾನ್ರಾಡ್ ಯೋಜನೆ. ಸೆನೆಟರ್ ಕೆಂಟ್ ಕಾನ್ರಾಡ್ ಅವರ ಪ್ರಯತ್ನದಿಂದ 1994ರಲ್ಲಿ ಬಂದ ಈ ಯೋಜನೆಯಲ್ಲಿ ಪ್ರತಿ ರಾಜ್ಯ ಮೊದಲು ವರ್ಷಕ್ಕೆ 20 ವೈದ್ಯರಿಗೆ, 2002ರ ನಂತರ 30 ವೈದ್ಯರಿಗೆ ವಿನಾಯಿತಿ ಶಿಫಾರಸು ಮಾಡಬಹುದು. ಬದಲಿಗೆ ಅವರು ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ, ವಾರಕ್ಕೆ 40 ಗಂಟೆ ಸೇವೆ ಮಾಡಬೇಕು. ಅಂದರೆ ನಮ್ಮ ಹುಡುಗರು ನ್ಯೂಯಾರ್ಕಿನಲ್ಲಿ ಕಲಿತು, ಹೊಲಗಳ ನಡುವಿನ ಯಾವುದೋ ಸಣ್ಣ ಊರಿನ ಆಸ್ಪತ್ರೆಗೆ ಹೋಗುತ್ತಾರೆ. ತಮ್ಮ ಮಕ್ಕಳು ಹೋಗಲೊಲ್ಲದ ಹಳ್ಳಿಗೆ ಅಮೆರಿಕದವರು ವೀಸಾದ ಬಲದಿಂದ ವೈದ್ಯರನ್ನು ಕಳಿಸುತ್ತಾರೆ. ಕರ್ನಾಟಕವೂ ಪದವಿ ಮುಗಿಸಿದ ವೈದ್ಯರಿಗೆ ಒಂದು ವರ್ಷದ ಸರ್ಕಾರಿ ಸೇವೆ ಕಡ್ಡಾಯಗೊಳಿಸಿ 2012ರಲ್ಲಿ ಕಾನೂನು ಮಾಡಿತು, ಅದು ಕೋರ್ಟು ಕಂಡಿತು, ತಿದ್ದುಪಡಿಯೂ ಆಯಿತು. ಬೆಂಗಳೂರಿನ ನಮ್ಮ ಸೇಂಟ್ ಜಾನ್ಸ್ ಕಾಲೇಜಿನ ಗ್ರಾಮೀಣ ಸೇವೆಯ ಕರಾರು ಇದಕ್ಕಿಂತ ಹಳೆಯದು. ವೈದ್ಯರಿಗಾಗಿ ಕಾಯುವುದು ತರೀಕೆರೆಯ ಹಳ್ಳಿಗಳಿಗೂ ಹೊಸದಲ್ಲ, ಆದ್ದರಿಂದ ದೆಹಲಿಯ ಆ ಪತ್ರದಲ್ಲಿರುವ "ಬೇಕಾಗಿದ್ದಾರೆ" ಎಂಬ ಮಾತನ್ನು ಬರೀ ಔಪಚಾರಿಕ ಎಂದು ನಾವು ಹೇಳಲಾರೆವು. ಹಾಗೆಂದು ಹೋದವರನ್ನು ದೂರುವುದೂ ನಮ್ಮ ಉದ್ದೇಶವಲ್ಲ.

ಎರಡು ವರ್ಷದ ಈ ಷರತ್ತು ಇಲ್ಲದ ಇನ್ನೊಂದು ದಾರಿ ಎಚ್-1ಬಿ. ವಿಶ್ವವಿದ್ಯಾಲಯಗಳೊಂದಿಗೆ ಸಂಬಂಧವಿರುವ, ಲಾಭದ ಉದ್ದೇಶವಿಲ್ಲದ ಆಸ್ಪತ್ರೆಗಳಿಗೆ ವಾರ್ಷಿಕ ಲಾಟರಿಯ ಗೊಡವೆಯಿಲ್ಲ. ಮೂರು ವರ್ಷ, ಮತ್ತೆ ಮೂರು, ಒಟ್ಟು ಆರು. ಅವಧಿ ಮುಗಿಯುವ ಮೊದಲೇ ಆಸ್ಪತ್ರೆ ವಿಸ್ತರಣೆಗೆ ಅರ್ಜಿ ಹಾಕಿದ್ದರೆ, ತೀರ್ಮಾನ ತಡವಾದರೂ 240 ದಿನದವರೆಗೆ ಅದೇ ಆಸ್ಪತ್ರೆಯಲ್ಲಿ ಕೆಲಸ ಮುಂದುವರಿಸಬಹುದು. ಆದರೆ ಯುಎಸ್‌ಎಂಎಲ್‌ಇ ಮೂರನೆಯ ಹಂತವನ್ನೂ ಮೊದಲೇ ಮುಗಿಸಿರಬೇಕು, ಆಸ್ಪತ್ರೆಗೂ ಖರ್ಚು ಹೆಚ್ಚು. 2025ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಆದೇಶವಂತೂ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂದಿತು. ಒಬ್ಬ ರೆಸಿಡೆಂಟ್ ವೈದ್ಯನ ಒಂದು ವರ್ಷದ ಸಂಬಳಕ್ಕಿಂತ ಅದು ಹೆಚ್ಚು.

ನಮ್ಮ ಧರ್ಮಕೇಂದ್ರಗಳ ಕಚೇರಿ ನೋಡಿಕೊಳ್ಳುವವರ ಗಮನಕ್ಕೆ ಒಂದು ವಿಷಯ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನಿಷಿಯಲ್, ಪದವಿಪತ್ರದಲ್ಲಿ ಮನೆತನದ ಹೆಸರಿಲ್ಲ, ಪಾಸ್‌ಪೋರ್ಟಿನಲ್ಲಿ ಇದೆ – ಇದು ಸಾಮಾನ್ಯ. ಇಸಿಎಫ್‌ಎಂಜಿ ಪದವಿಪತ್ರದ ಹೆಸರನ್ನೂ ಪಾಸ್‌ಪೋರ್ಟಿನ ಹೆಸರನ್ನೂ ತಾಳೆ ನೋಡುತ್ತದೆ, ವ್ಯತ್ಯಾಸವಿದ್ದರೆ ದಾಖಲೆ ಕೇಳುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂಬ ಮೂರಕ್ಷರ ಬೀಳುತ್ತದೆ. ಮೆಡಿಕಲ್ ಸೀಟು ಸಿಕ್ಕ ವರ್ಷವೇ ಇದನ್ನು ಸರಿಪಡಿಸಿಕೊಳ್ಳುವಂತೆ ಮಕ್ಕಳಿಗೆ ಹೇಳಿ. ಫಲಿತಾಂಶ ಬಂದ ಮೇಲೆ ಅದಕ್ಕೆ ಸಮಯವಿರುವುದಿಲ್ಲ.