ಮೊದಲು ಕೊಂಡವರಿಗೆ ಮುಕ್ಕಾಲು, ಕಾದವರಿಗೆ ಪೂರ್ತಿ

ಜಪಾನಿನಲ್ಲಿ ಎಕ್ಸ್‌ಬಾಕ್ಸ್ 360 ಅನ್ನು ಕೇಳುವವರೇ ಕಡಿಮೆ ಇದ್ದ ಕಾಲ. 2008ರ ಆಗಸ್ಟ್‌ನಲ್ಲಿ ‘ಟೇಲ್ಸ್ ಆಫ್ ವೆಸ್ಪೀರಿಯಾ’ ಆ ಕನ್ಸೋಲಿಗೆ ಮಾತ್ರ ಬಿಡುಗಡೆಯಾದಾಗ, ಅದೊಂದು ಗೇಮ್‌ಗಾಗಿ ಕನ್ಸೋಲನ್ನೇ ಕೊಂಡವರಿದ್ದರು. ಅಂಗಡಿಗಳಲ್ಲಿ ದಾಸ್ತಾನು ಖಾಲಿಯಾಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಗೇಮ್ ಎದುರಾಳಿ ಪ್ಲೇಸ್ಟೇಷನ್ 3ಕ್ಕೂ ಬಂತು, ಮೈಕೈ ತುಂಬಿಕೊಂಡು. ಪ್ಯಾಟಿ ಎಂಬ ಕಡಲುಗಳ್ಳ ಹುಡುಗಿ ಹೊಸದಾಗಿ ತಂಡ ಸೇರಿದ್ದಳು. ಮೊದಲ ಆವೃತ್ತಿಯಲ್ಲಿ ಸ್ವಲ್ಪ ಹೊತ್ತಷ್ಟೇ ಆಟಗಾರರ ಕೈಗೆ ಸಿಗುತ್ತಿದ್ದ ಫ್ಲಿನ್ ಈಗ ತಂಡದ ಪೂರ್ಣ ಸದಸ್ಯನಾಗಿದ್ದ. ದನಿ ಕೊಟ್ಟ ದೃಶ್ಯಗಳೂ ಹೆಚ್ಚಿದ್ದವು. ಮೊದಲೇ ದುಡ್ಡು ಸುರಿದವರಿಗೆ ಇದ್ಯಾವುದೂ ಸಿಗಲಿಲ್ಲ.

ಅವರ ಸಿಟ್ಟು ಗೇಮ್ ಬೇರೆಡೆಗೆ ಹೋಯಿತೆಂದಷ್ಟೇ ಅಲ್ಲ. ತಾವು ಕೊಂಡದ್ದು ಅರೆಬೆಂದದ್ದು ಎಂದು ಆಮೇಲೆ ಗೊತ್ತಾದದ್ದಕ್ಕೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಇದರ ಹಿಂದೆ ಇರುವುದು ದ್ರೋಹಕ್ಕಿಂತ ಹೆಚ್ಚಾಗಿ ಲೆಕ್ಕಾಚಾರ.

ಒಂದೇ ಕನ್ಸೋಲಿಗೆ ಮೀಸಲಾದ, ಅಂದರೆ ಎಕ್ಸ್‌ಕ್ಲೂಸಿವ್ ಗೇಮ್‌ಗಳಲ್ಲಿ ಎರಡು ಬಗೆ. ನಿಂಟೆಂಡೊದ ಜೆಲ್ಡಾದಂತೆ ಕನ್ಸೋಲ್ ಕಂಪನಿಯೇ ಒಡೆತನ ಹೊಂದಿರುವುದು ಒಂದು. ಅದು ಎದುರಾಳಿಯ ಮನೆಗೆ ಹೋಗುವುದು ಬಹುಕಾಲ ತೀರಾ ಅಪರೂಪವಾಗಿತ್ತು. ಬೇರೆ ಕಂಪನಿಯ ಗೇಮ್‌ಗೆ ಒಪ್ಪಂದ ಮಾಡಿಕೊಂಡು ತಡೆಹಿಡಿಯುವುದು ಇನ್ನೊಂದು. ಅಂಥ ಒಪ್ಪಂದಕ್ಕೆ ಸಾಮಾನ್ಯವಾಗಿ ಗಡುವು ಇರುತ್ತದೆ. 2014ರಲ್ಲಿ ‘ರೈಸ್ ಆಫ್ ದಿ ಟೂಂಬ್ ರೈಡರ್’ ಎಕ್ಸ್‌ಬಾಕ್ಸ್‌ಗೆ ಮಾತ್ರ ಎಂದು ಘೋಷಿಸಿದಾಗ ಗದ್ದಲವೆದ್ದು, ಎಕ್ಸ್‌ಬಾಕ್ಸ್ ಮುಖ್ಯಸ್ಥ ಫಿಲ್ ಸ್ಪೆನ್ಸರ್ ಅವರು ಒಪ್ಪಂದಕ್ಕೆ ಕಾಲಮಿತಿ ಇದೆಯೆಂದು ಒಪ್ಪಿಕೊಳ್ಳಬೇಕಾಯಿತು. 2015ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ಗೇಮ್ 2016ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ಹೋಯಿತು. ಎಕ್ಸ್‌ಬಾಕ್ಸ್‌ನವರು ಬೇರೆಯಾಗಿ ಕೊಂಡಿದ್ದ ಹೆಚ್ಚುವರಿ ಅಧ್ಯಾಯಗಳು ಅದರಲ್ಲಿ ಮೊದಲಿನಿಂದಲೇ ಸೇರಿದ್ದವು. ಜೊತೆಗೆ ವಿಆರ್ ಹೆಡ್‌ಸೆಟ್ ತೊಟ್ಟು ಆಡುವ ಭಾಗವೂ ಇತ್ತು.

ಹೆಚ್ಚುವರಿ ಸರಕು ಏಕೆ ಬೇಕು? ಗಡುವು ಮುಗಿಯುವ ಹೊತ್ತಿಗೆ ಗೇಮ್ ಹಳತಾಗಿರುತ್ತದೆ. ಕಥೆ ಎಲ್ಲರಿಗೂ ಗೊತ್ತು, ಮೊದಲ ಕನ್ಸೋಲಿನಲ್ಲಿ ಬೆಲೆಯೂ ಇಳಿದಿರುತ್ತದೆ. ಅದನ್ನೇ ಹೊಸ ಗಿರಾಕಿಗೆ ಪೂರ್ತಿ ಬೆಲೆಗೆ ಮಾರಬೇಕಾದರೆ ಏನಾದರೂ ನೆಪ ಬೇಕು. ಎಂಜಿನ್, ಊರುಗಳು, ಸಂಗೀತ, ಶತ್ರುಗಳು ಎಲ್ಲ ಸಿದ್ಧವಿರುವಾಗ ಒಂದು ಪಾತ್ರ ಸೇರಿಸುವ ಖರ್ಚು ಇಡೀ ಗೇಮ್ ಕಟ್ಟುವ ಖರ್ಚಿನ ಮುಂದೆ ಸಣ್ಣದು.

ತಾಂತ್ರಿಕ ಕಾರಣವೂ ಕೆಲವೊಮ್ಮೆ ನಿಜ. ಎಕ್ಸ್‌ಬಾಕ್ಸ್ 360ರ ಡಿವಿಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 8.5 ಜಿಬಿ, ಅದರಲ್ಲೂ ಗೇಮ್‌ಗೆ ಸಿಗುತ್ತಿದ್ದುದು ಇನ್ನೂ ಕಡಿಮೆ. ಪ್ಲೇಸ್ಟೇಷನ್ 3ರ ಬ್ಲೂ-ರೇಯ ಒಂದೇ ಪದರದಲ್ಲಿ 25 ಜಿಬಿ. ‘ಸ್ಟಾರ್ ಓಷನ್: ದಿ ಲಾಸ್ಟ್ ಹೋಪ್’ 360ರಲ್ಲಿ ಮೂರು ಡಿಸ್ಕ್ ತೆಗೆದುಕೊಂಡಿತ್ತು. ಪ್ಲೇಸ್ಟೇಷನ್ 3ರಲ್ಲಿ ಅದು ಜಪಾನಿ, ಇಂಗ್ಲಿಷ್ ಎರಡೂ ದನಿಗಳ ಸಮೇತ ಒಂದೇ ಡಿಸ್ಕ್‌ನಲ್ಲಿ ಕೂತಿತು. ಆದರೆ ಈ ನೆಪ ಎಲ್ಲ ಕಡೆ ನಡೆಯುವುದಿಲ್ಲ. ‘ರೆಸಿಡೆಂಟ್ ಈವಿಲ್ 4’ 2005ರ ಜನವರಿಯಲ್ಲಿ ನಿಂಟೆಂಡೊದ ಗೇಮ್‌ಕ್ಯೂಬ್‌ಗೆ, ಅದೇ ಅಕ್ಟೋಬರ್‌ನಲ್ಲಿ ಅದಕ್ಕಿಂತ ದುರ್ಬಲವಾದ ಪ್ಲೇಸ್ಟೇಷನ್ 2ಕ್ಕೆ ಬಂತು. ಚಿತ್ರದ ಅಂದ ಕುಗ್ಗಿತು. ಆದರೂ ಎಯ್ಡಾ ವಾಂಗ್ ಎಂಬ ಪಾತ್ರದ ಹೊಸ ಕಥಾಭಾಗ ಸೇರಿಕೊಂಡಿತು. ಯಂತ್ರ ಸೋತರೂ ಸರಕು ಗೆದ್ದಿತು. ಗೇಮ್‌ಕ್ಯೂಬ್ ಆವೃತ್ತಿ ಮಾರಾಟಕ್ಕೆ ಬರುವ ಮೊದಲೇ, 2004ರಲ್ಲೇ, ಪ್ಲೇಸ್ಟೇಷನ್ 2 ಆವೃತ್ತಿಯನ್ನು ಗೇಮ್ ತಯಾರಿಸಿದ ಕ್ಯಾಪ್‌ಕಾಮ್ ಘೋಷಿಸಿಬಿಟ್ಟಿತ್ತು ಎಂಬುದನ್ನೂ ಹೇಳಬೇಕು. ಕನಿಷ್ಠ ಮುಚ್ಚಿಡಲಿಲ್ಲ.

ಹಳೆಯ ಗಿರಾಕಿಗೂ ಆ ಹೆಚ್ಚುವರಿ ಭಾಗವನ್ನು ಆಮೇಲೆ ಕೊಡಲು ಏನಡ್ಡಿ? ಪ್ರತಿ ಅಪ್‌ಡೇಟನ್ನೂ ಆ ಕನ್ಸೋಲಿಗೆ ಹೊಂದಿಸಿ, ಪರೀಕ್ಷಿಸಿ, ಕನ್ಸೋಲ್ ಕಂಪನಿಯ ಒಪ್ಪಿಗೆ ಪಡೆಯಬೇಕು. ಅಷ್ಟರಲ್ಲಿ ಬಹಳ ಮಂದಿ ಆಡಿ ಮುಗಿಸಿರುತ್ತಾರೆ, ಹೊಸ ಹಣ ಹುಟ್ಟುವುದಿಲ್ಲ. ದುಡ್ಡು ಕೊಟ್ಟಾಗಿರುವ ಗಿರಾಕಿಯನ್ನು ಓಲೈಸುವ ಗರಜು ಯಾರಿಗಿದೆ!

ವೆಸ್ಪೀರಿಯಾದ ತುಂಬಿದ ಆವೃತ್ತಿ ಜಪಾನ್ ಬಿಟ್ಟು ಹೊರಬಂದದ್ದು 2019ರ ಜನವರಿಯಲ್ಲಿ, ‘ಡೆಫಿನಿಟಿವ್ ಎಡಿಷನ್’ ಆಗಿ, ಎಕ್ಸ್‌ಬಾಕ್ಸ್ ಒನ್‌ಗೂ ಸೇರಿ. ಇಂಗ್ಲಿಷ್‌ನಲ್ಲಿ ಕಥಾನಾಯಕ ಯೂರಿಗೆ ದನಿಯಾಗಿದ್ದ ಟ್ರಾಯ್ ಬೇಕರ್ ಅವರಿಂದ ಹೊಸ ಸಂಭಾಷಣೆ ಹೇಳಿಸಲಿಲ್ಲ, ಬೇರೊಬ್ಬರಿಂದ ಹೇಳಿಸಿದರು. ಹಾಗಾಗಿ ಒಂದೇ ಪಾತ್ರ ಎರಡು ಕಂಠದಲ್ಲಿ ಮಾತಾಡುತ್ತದೆ. ಹತ್ತು ವರ್ಷ ಕಾದವರಿಗೆ ಸಿಕ್ಕಿದ್ದು ಅದು, ಅದನ್ನೂ ಮತ್ತೆ ದುಡ್ಡು ಕೊಟ್ಟೇ ಪಡೆಯಬೇಕಾಯಿತು.

ಕೊಳ್ಳುವ ಮೊದಲು ಗೇಮ್‌ನ ಒಡೆತನ ಯಾರದೆಂದು ನೋಡಿ. ಟ್ರೇಲರ್‌ನ ಕೊನೆಯ ಸಣ್ಣಕ್ಷರಗಳಲ್ಲಿ ‘ಕನ್ಸೋಲ್ ಲಾಂಚ್ ಎಕ್ಸ್‌ಕ್ಲೂಸಿವ್’ ಎಂದೋ ‘ಟೈಮ್ಡ್’ ಎಂದೋ ಇದ್ದರೆ ಅದು ಮುಂದೆ ಬೇರೆಡೆಗೂ ಬರಬಹುದೆಂದೇ ಓದಿಕೊಳ್ಳಿ. ಇರುವ ಕನ್ಸೋಲಿಗೆ ಅಂಥ ಗೇಮ್ ಬಂದರೆ, ಆಡುವ ಆಸೆ ತಡೆಯಲಾಗದಿದ್ದರೆ, ಖಂಡಿತ ಕೊಳ್ಳಿ. ಆದರೆ ಅದೊಂದಕ್ಕಾಗಿಯೇ ಹೊಸ ಕನ್ಸೋಲ್ ಕೊಳ್ಳಲು ಹೊರಟಿದ್ದರೆ ಒಂದು ವರ್ಷ ಕಾಯಿರಿ.