ಪರೀಕ್ಷಾ ವರದಿಯ ಅಂಕಿಗಳು: ಸ್ಪೆಕ್ಟ್ರಮ್ ಅನಲೈಜರ್‌ನ ಡಿಟೆಕ್ಟರ್ ಹಾಗೂ ಟ್ರೇಸ್ ಆಯ್ಕೆಗಳು

ಎಲ್‌ಇಡಿ ಡ್ರೈವರ್, ಬ್ಯಾಟರಿ ಚಾರ್ಜರ್, ಮೋಟಾರು ನಿಯಂತ್ರಕ ಮೊದಲಾದವುಗಳನ್ನು ತಯಾರಿಸುವ ಸದಸ್ಯರು ಲೆಕ್ಕಪತ್ರದಷ್ಟೇ ಎಚ್ಚರದಿಂದ ಓದಬೇಕಾದ ಇನ್ನೊಂದು ದಾಖಲೆಯಿದೆ. ಅದು ವಿದ್ಯುತ್ಕಾಂತೀಯ ಹಸ್ತಕ್ಷೇಪದ ಪರೀಕ್ಷಾ ವರದಿ. ಯೂರೋಪ್ ಒಕ್ಕೂಟಕ್ಕೆ ರಫ್ತಾಗುವ ಇಂತಹ ಸರಕು 2014/30/ಇಯು ನಿರ್ದೇಶನಕ್ಕೆ ಒಳಪಡುತ್ತದೆ. ಉಪಕರಣ ಒಂದೇ ಆಗಿದ್ದರೂ ಒಂದು ಕಡೆ ‘ಅನುತ್ತೀರ್ಣ’, ಇನ್ನೊಂದು ಕಡೆ ‘ಉತ್ತೀರ್ಣ’ ಎಂದು ಬರಲು ಸಾಧ್ಯ. ಹಲವು ವೇಳೆ ವ್ಯತ್ಯಾಸವಿರುವುದು ಸರಕಿನಲ್ಲಲ್ಲ, ಅಳೆದ ಯಂತ್ರದ ಡಿಟೆಕ್ಟರ್ ಮತ್ತು ಟ್ರೇಸ್ ಆಯ್ಕೆಗಳಲ್ಲಿ. ಇದನ್ನರಿಯದೆ ಫಿಲ್ಟರ್ ಬದಲಿಸಿ, ಮರುಪರೀಕ್ಷೆಯ ಶುಲ್ಕ ತೆರುವುದು ವ್ಯರ್ಥ ವೆಚ್ಚ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಮಧ್ಯಮ ತರಂಗವು ರಾಗಿಗುಡ್ಡದ ಮನೆಗಳಿಗೂ ದಶಕಗಳಿಂದ ಪರಿಚಿತವಾದ ಸಂಖ್ಯೆ. 67.5 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಡ್ರೈವರ್‌ನ ಹತ್ತನೆಯ ಗುಣಕವು ನೇರವಾಗಿ ಅಲ್ಲಿಯೇ ಬೀಳುತ್ತದೆ, ರೇಡಿಯೋ ಗೊರಗುಟ್ಟುತ್ತದೆ. ಇಂತಹ ಉಪದ್ರವಕ್ಕೆ ಮಿತಿ ಗೊತ್ತುಪಡಿಸಲೆಂದೇ 1934ರಲ್ಲಿ ಸಿಐಎಸ್‌ಪಿಆರ್ ಎಂಬ ಅಂತರರಾಷ್ಟ್ರೀಯ ಸಮಿತಿ ಸ್ಥಾಪನೆಯಾಯಿತು.

ಡಿಟೆಕ್ಟರ್ ಎಂದರೇನು?

ಅನಲೈಜರ್‌ನ ಪರದೆಯಲ್ಲಿ 1001 ಬಿಂದುಗಳಿವೆ ಎನ್ನೋಣ. 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಒಮ್ಮೆಗೇ ನೋಡಿದಲ್ಲಿ ಪ್ರತಿ ಬಿಂದುವಿನ ಪಾಲಿಗೆ ಸುಮಾರು 30 ಕಿಲೋಹರ್ಟ್ಸ್ ಬರುತ್ತದೆ. ಅಷ್ಟರೊಳಗೆ ಅನೇಕ ಮೌಲ್ಯಗಳಿರುತ್ತವೆ, ತೋರಿಸಬೇಕಾದುದು ಒಂದೇ. ಯಾವುದನ್ನು ಎಂಬ ನಿರ್ಣಯವೇ ಡಿಟೆಕ್ಟರ್.

ಬ್ಯಾಂಕಿನ ಸಿ.ಸಿ. ಖಾತೆಗೆ ಹೋಲಿಸಿದರೆ ಇದು ಸುಲಭವಾಗಿ ತಿಳಿಯುತ್ತದೆ. ‘ಪೀಕ್’ ಎಂದರೆ ಆ ಅವಧಿಯಲ್ಲಿ ಏರಿದ ಗರಿಷ್ಠ ಬಾಕಿ. ‘ಸ್ಯಾಂಪಲ್’ ಎಂದರೆ ಯಾವುದೋ ಒಂದು ಕ್ಷಣದ ಬಾಕಿ. ‘ಆವರೇಜ್’ ಎಂದರೆ ಸರಾಸರಿ ಬಾಕಿ. ‘ಕ್ವಾಸಿ ಪೀಕ್’ ಎಂಬುದು ಅನುಭವಿ ವ್ಯವಸ್ಥಾಪಕರ ದೃಷ್ಟಿ: ಅಪರೂಪಕ್ಕೊಮ್ಮೆ ಮಿತಿ ಮೀರಿದರೆ ಲಘುವಾಗಿ ಕಾಣುತ್ತಾರೆ, ಪದೇ ಪದೇ ಮೀರಿದರೆ ಗಂಭೀರವಾಗಿ ಪರಿಗಣಿಸುತ್ತಾರೆ. ಕೇಳುಗನ ಕಿವಿಗೂ ಆಗೊಮ್ಮೆ ಈಗೊಮ್ಮೆ ಬರುವ ಟಿಕ್ ಸದ್ದಿಗಿಂತ ನಿರಂತರ ಗೊರಗು ಹೆಚ್ಚು ಹಿಂಸೆ. ಆದುದರಿಂದ ಈ ಡಿಟೆಕ್ಟರ್ 150 ಕಿಲೋಹರ್ಟ್ಸ್–30 ಮೆಗಾಹರ್ಟ್ಸ್ ಪಟ್ಟಿಯಲ್ಲಿ 1 ಮಿಲಿಸೆಕೆಂಡಿನಲ್ಲಿ ಏರಿ, 160 ಮಿಲಿಸೆಕೆಂಡಿನಲ್ಲಿ ನಿಧಾನವಾಗಿ ಇಳಿಯುವಂತೆ ರಚಿತವಾಗಿದೆ. ಇಲ್ಲಿ ನಿಗದಿಯಾದ ಬ್ಯಾಂಡ್‌ವಿಡ್ತ್ 9 ಕಿಲೋಹರ್ಟ್ಸ್.

ಯಾವುದೇ ಸಂಕೇತಕ್ಕೂ ಪೀಕ್ ಅಂಕಿ ಕ್ವಾಸಿ ಪೀಕ್‌ಗಿಂತ ಕಡಿಮೆಯಾಗದು. ಕ್ವಾಸಿ ಪೀಕ್ ಅಂಕಿ ಆವರೇಜ್‌ಗಿಂತ ಕಡಿಮೆಯಾಗದು. ಹಣ ಉಳಿಸುವ ಸೂತ್ರ ಇದೇ. ದೀಪಗಳಿಗೆ ಅನ್ವಯಿಸುವ ಸಿಐಎಸ್‌ಪಿಆರ್ 15ರಂತೆ 675 ಕಿಲೋಹರ್ಟ್ಸ್‌ನಲ್ಲಿ ವಿದ್ಯುತ್ ತಂತಿಯ ಮೇಲಿನ ಮಿತಿ ಕ್ವಾಸಿ ಪೀಕ್‌ಗೆ 56, ಆವರೇಜ್‌ಗೆ 46 ಡೆಸಿಬೆಲ್ ಮೈಕ್ರೋವೋಲ್ಟ್. ಪೀಕ್ ಅಂಕಿಯೇ 45 ಬಂದರೆ ಎರಡೂ ಮಿತಿಗಳಲ್ಲಿ ಉತ್ತೀರ್ಣ. ಮುಂದಿನ ಅಳತೆ ಅನಗತ್ಯ. ಪೀಕ್ 60 ಬಂದ ಮಾತ್ರಕ್ಕೆ ಅನುತ್ತೀರ್ಣವೆಂದಲ್ಲ; ಆ ಆವರ್ತನದಲ್ಲಿ ಉಳಿದೆರಡನ್ನು ಅಳೆದೇ ತೀರ್ಮಾನಿಸಬೇಕು. ಆದರೆ ಏರಿಳಿತವಿಲ್ಲದ ಸ್ಥಿರ ಸಂಕೇತದಲ್ಲಿ ಮೂರೂ ಅಂಕಿಗಳು ಒಂದೇ ಆಗುವುದರಿಂದ ಅಲ್ಲಿ ಕಟ್ಟುನಿಟ್ಟಾಗುವುದು 46ರ ಮಿತಿ.

ಇಡೀ ಪಟ್ಟಿಯನ್ನು 4.5 ಕಿಲೋಹರ್ಟ್ಸ್ ಅಂತರದಲ್ಲಿ, ತಲಾ ಒಂದು ಸೆಕೆಂಡಿನಂತೆ ಕ್ವಾಸಿ ಪೀಕ್‌ನಲ್ಲಿ ಅಳೆದರೆ ಸುಮಾರು 6,600 ಸೆಕೆಂಡು, ಅಂದರೆ 1 ಗಂಟೆ 50 ನಿಮಿಷ ಬೇಕು. ಪ್ರಯೋಗಾಲಯದ ಶುಲ್ಕ ಗಂಟೆಯ ಲೆಕ್ಕದಲ್ಲಿರುವಾಗ ಮೊದಲು ಪೀಕ್‌ನಲ್ಲಿ ಶೋಧಿಸಿ, ಸಂಶಯದ ಬಿಂದುಗಳನ್ನಷ್ಟೇ ಕ್ವಾಸಿ ಪೀಕ್ ಹಾಗೂ ಆವರೇಜ್‌ನಲ್ಲಿ ಅಳೆಯುವುದು ಲಾಭಕರ.

ಟ್ರೇಸ್ ಎಂದರೇನು?

ಡಿಟೆಕ್ಟರ್ ಒಂದು ಸುತ್ತಿನೊಳಗಿನ ಲೆಕ್ಕವಾದರೆ, ಟ್ರೇಸ್ ಹಲವು ಸುತ್ತುಗಳ ಕ್ರೋಡೀಕರಣ. ‘ಕ್ಲಿಯರ್ ರೈಟ್’ ಪ್ರತಿ ಸುತ್ತಿಗೂ ಹಳೆಯದನ್ನು ಅಳಿಸುತ್ತದೆ. ‘ಮ್ಯಾಕ್ಸ್ ಹೋಲ್ಡ್’ ಎಲ್ಲ ಸುತ್ತುಗಳ ಗರಿಷ್ಠವನ್ನು ಉಳಿಸಿಕೊಳ್ಳುತ್ತದೆ. ಮಧ್ಯೆ ಮಧ್ಯೆ ಮಾತ್ರ ಹೊಮ್ಮುವ ಗದ್ದಲವನ್ನು ಹಿಡಿಯಲು ಪೀಕ್ ಡಿಟೆಕ್ಟರ್‌ನೊಡನೆ ಇದು ಸೂಕ್ತ. ಮೇಲೆ ಹೇಳಿದ 30 ಕಿಲೋಹರ್ಟ್ಸ್ ಬಿಂದುಗಳಲ್ಲಿ ಸ್ಯಾಂಪಲ್ ಡಿಟೆಕ್ಟರ್ ಬಳಸಿದರೆ ಎರಡು ಬಿಂದುಗಳ ನಡುವಿನ ಕಿರಿದಾದ ಸಂಕೇತ ಕಾಣದೇ ಹೋಗಬಹುದು.

ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ ‘ಟ್ರೇಸ್ ಆವರೇಜ್’ ಕುರಿತಾದುದು. ಇದು ಆವರೇಜ್ ಡಿಟೆಕ್ಟರ್ ಅಲ್ಲ. ಡೆಸಿಬೆಲ್ ಅಂಕಿಗಳನ್ನೇ ಕೂಡಿ ಸರಾಸರಿ ತೆಗೆದರೆ ಸಾಮಾನ್ಯ ಗದ್ದಲವು ನಿಜಕ್ಕಿಂತ ಸುಮಾರು 2.5 ಡೆಸಿಬೆಲ್ ಕಡಿಮೆ ಕಾಣುತ್ತದೆ. ಬಿಟ್ಟು ಬಿಟ್ಟು ಬರುವ ಸಂಕೇತಗಳಲ್ಲಿ ಅಂತರ ಇನ್ನೂ ಹಿಗ್ಗಬಹುದು. ಕಾರ್ಖಾನೆಯಲ್ಲಿ ಇದನ್ನು ನಂಬಿ ಕಳುಹಿಸಿದ ಮಾದರಿ ಪ್ರಯೋಗಾಲಯದಲ್ಲಿ ಸೋಲುತ್ತದೆ.

ವರದಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

1. ಪ್ರತಿ ಅಂಕಿಯ ಎದುರು ಡಿಟೆಕ್ಟರ್‌ನ ಹೆಸರು, ಅದೇ ಡಿಟೆಕ್ಟರ್‌ನ ಮಿತಿ ಇದೆಯೇ?
2. ಬ್ಯಾಂಡ್‌ವಿಡ್ತ್ 9 ಕಿಲೋಹರ್ಟ್ಸ್ ಎಂದು ನಮೂದಾಗಿದೆಯೇ? 30 ಮೆಗಾಹರ್ಟ್ಸ್ ಮೀರಿದಲ್ಲಿ, 1 ಗಿಗಾಹರ್ಟ್ಸ್‌ವರೆಗೆ ಅದು 120 ಆಗಿರಬೇಕು.
3. ಉಪಕರಣವನ್ನು ಆರಿಸಿ ತೆಗೆದ ಹಿನ್ನೆಲೆಯ ಟ್ರೇಸ್ ಇದೆಯೇ? ಇಲ್ಲವಾದಲ್ಲಿ ಸ್ಥಳೀಯ ಪ್ರಸಾರ ಕೇಂದ್ರದ ಸಂಕೇತವನ್ನೂ ನಿಮ್ಮ ಸರಕಿನ ಖಾತೆಗೆ ಬರೆಯುವ ಸಂಭವವಿದೆ.
4. ಒಳಬರುವ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರನ್ನು 10 ಡೆಸಿಬೆಲ್ ಹೆಚ್ಚಿಸಿದಾಗಲೂ ಅಂಕಿ ಸ್ಥಿರವಾಗಿತ್ತೇ? ಬದಲಾದರೆ ಯಂತ್ರದ ಮೇಲೆ ಹೊರೆ ಮೀರಿದೆ ಎಂದರ್ಥ.

ಖರೀದಿ ಕರಾರಿನಲ್ಲಿ ‘ಪರೀಕ್ಷೆಯಲ್ಲಿ ಉತ್ತೀರ್ಣವಾಗಿರಬೇಕು’ ಎಂದಷ್ಟೇ ಬರೆಯದೆ ಮಾನಕದ ಸಂಖ್ಯೆ, ಡಿಟೆಕ್ಟರ್ ಮತ್ತು ಬ್ಯಾಂಡ್‌ವಿಡ್ತ್‌ಗಳನ್ನು ನಮೂದಿಸುವುದು ಉಭಯತರಿಗೂ ಕ್ಷೇಮ. ಆಧಾರ ತಿಳಿಸದ ಅಂಕಿಯನ್ನು ನಾವು ಲೆಕ್ಕಪತ್ರದಲ್ಲಿ ಒಪ್ಪುವುದಿಲ್ಲ. ಪರೀಕ್ಷಾ ವರದಿಯಲ್ಲಿಯೂ ಒಪ್ಪಬೇಕಾಗಿಲ್ಲ.